ಕ್ಯಾಮೆರಾದ ಬೆನ್ನಿನ ಇತಿಹಾಸ: ಎಂಟು ಪೋಸ್ಟ್‌ಗಳಲ್ಲಿ

1/8
ತಿರುಗಿಸಿ ನೋಡಿ

ಹಳೇ ಕ್ಯಾಮೆರಾ ಫೋಟೋ ಹಾಕಿದ್ರೆ ಸಾಕು, ಎಲ್ಲರೂ ಕೇಳೋದು ಲೆನ್ಸ್ ಬಗ್ಗೆ. ಯಾವ ಕಂಪನಿ, ಎಷ್ಟು ಎಂಎಂ, ಈಗ ಎಷ್ಟಕ್ಕೆ ಹೋಗುತ್ತೆ. ಈ ಸಲ ಕ್ಯಾಮೆರಾನ ತಿರುಗಿಸಿ ಇಡ್ತೀನಿ, ಹಿಂಭಾಗ ನೋಡಿ. ಫೋಟೋಗ್ರಾಫರ್‌ಗಳು ಅದನ್ನ ಬ್ಯಾಕ್ ಅಂತಾರೆ. ಈ ಸರಣಿ ಪೂರ್ತಿ ಆ ಬ್ಯಾಕ್‌ನ ಇತಿಹಾಸ.

ಮೊದಲು, ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಅಂದ್ರೇನು? ಮುಂದೆ ಒಂದು ಹಲಗೆಯಲ್ಲಿ ಲೆನ್ಸ್, ಹಿಂದೆ ಒಂದು ಚೌಕಟ್ಟು, ನಡುವೆ ಕಮ್ಮಾರರ ತಿದಿಯ ಥರ ಮಡಿಕೆ ಮಡಿಕೆಯಾದ ಬೆಲ್ಲೋಸ್. ಅಷ್ಟೇ. ಹಿಂದಿನ ಚೌಕಟ್ಟಿನಲ್ಲಿ ಉಜ್ಜಿ ಮಂಜಾಗಿಸಿದ ಗಾಜು ಇರುತ್ತೆ, ಅದೇ ಗ್ರೌಂಡ್ ಗ್ಲಾಸ್. ಫೋಟೋಗ್ರಾಫರ್ ಕಪ್ಪು ಬಟ್ಟೆ ಹೊದ್ದುಕೊಂಡು, ಆ ಗಾಜಿನ ಮೇಲೆ ತಲೆಕೆಳಗಾಗಿ ಬೀಳೋ ಚಿತ್ರ ನೋಡಿ ಫೋಕಸ್ ಮಾಡ್ತಾರೆ. ಆಮೇಲೆ ಗಾಜು ಇದ್ದ ಜಾಗಕ್ಕೆ ಫಿಲ್ಮ್ ತುಂಬಿದ ಹೋಲ್ಡರ್ ತೂರಿಸ್ತಾರೆ. ಹೋಲ್ಡರ್‌ನ ಮುಚ್ಚಳ, ಅಂದ್ರೆ ಡಾರ್ಕ್ ಸ್ಲೈಡ್, ಎಳೀತಾರೆ. ಕ್ಲಿಕ್. ಮತ್ತೆ ಮುಚ್ಚಳ. ಒಂದು ಫೋಟೋಗೆ ಒಂದು ಹಾಳೆ. ಅತಿ ಹೆಚ್ಚು ಬಳಕೆಯ ಅಳತೆ 4×5 ಇಂಚು.

ಈಗ ನನ್ನ ಪ್ರಶ್ನೆ ಕೇಳಿ. 1947ರಲ್ಲಿ ಮಾರುಕಟ್ಟೆಗೆ ಬಂದ ಒಂದು ಅಮೆರಿಕನ್ ಕ್ಯಾಮೆರಾ ಮಾದರಿಗೆ 2020ರಲ್ಲಿ ಬಂದ ಇನ್‌ಸ್ಟಂಟ್ ಬ್ಯಾಕ್ ಸಲೀಸಾಗಿ ಕೂರುತ್ತೆ. 1960ರಲ್ಲಿ ಬಂದ ಇನ್ನೊಂದು ಕ್ಯಾಮೆರಾ, ಅದೂ ಅಮೆರಿಕದ್ದೇ, ಒಳ್ಳೇ ಲೆನ್ಸ್ ಇರೋದೇ, ಗರಗಸ ಹಾಕದೆ ಇವತ್ತು ಯಾವ ಫಿಲ್ಮನ್ನೂ ತಗೊಳ್ಳಲ್ಲ. ಎರಡೂ ಗಟ್ಟಿ, ಎರಡೂ ಚೆನ್ನಾಗಿ ಕೆಲಸ ಮಾಡ್ತವೆ. ಮತ್ತೆ ಯಾಕೆ ಹೀಗೆ?

ಉತ್ತರ ಬ್ಯಾಕ್‌ನಲ್ಲಿದೆ. ಆದರೆ ಅಲ್ಲಿಗೆ ಹೋಗೋಕೆ ಸ್ವಲ್ಪ ಹಿಂದಿನಿಂದ ಬರಬೇಕು. ಮುಂದಿನ ಪೋಸ್ಟ್ ಹಂಪಿಯಿಂದ ಶುರು.

2/8
ಕ್ಯಾಮೆರಾ ಯಾಕೆ ಅಷ್ಟು ದೊಡ್ಡದು?

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಹಂಪಿಗೆ ಕ್ಯಾಮೆರಾ ತಂದ. ಅವನ ನೆಗೆಟಿವ್‌ಗಳು ಮೇಣ ಹಚ್ಚಿದ ಕಾಗದದವು, ಒಂದೊಂದೂ ಸುಮಾರು 16×18 ಇಂಚು. ಒಂದು ದೊಡ್ಡ ಕ್ಯಾಲೆಂಡರ್ ಹಾಳೆಯಷ್ಟು ಅಂದ್ಕೊಳ್ಳಿ. ಅಂದ್ರೆ ಕ್ಯಾಮೆರಾದ ಹಿಂಭಾಗವೂ ಅಷ್ಟೇ ಅಗಲ.

ಅಷ್ಟು ದೊಡ್ಡದು ಯಾಕೆ ಬೇಕಿತ್ತು? ಆಗ ಎನ್‌ಲಾರ್ಜ್ ಮಾಡೋದು ಸುಲಭ ಇರಲಿಲ್ಲ. ನೆಗೆಟಿವ್ ಮೇಲೆ ಕಾಗದ ಒತ್ತಿಟ್ಟು ಬಿಸಿಲಲ್ಲಿ ಪ್ರಿಂಟ್ ತೆಗೀತಿದ್ರು. ನಿಮಗೆ ಎಷ್ಟು ದೊಡ್ಡ ಫೋಟೋ ಬೇಕೋ ಅಷ್ಟೇ ದೊಡ್ಡ ಕ್ಯಾಮೆರಾ ಬೇಕು.

ಅಳತೆಗಳ ಕತೆ ಅದಕ್ಕೂ ಹಳೆಯದು. 1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೇರ್‌ನ ವಿಧಾನ ಬಹಿರಂಗವಾದಾಗ, ಝಿರೂ ಎಂಬವನು ಮಾರಿದ ಕ್ಯಾಮೆರಾದ ತಗಡು 6½×8½ ಇಂಚಿನದು. ಅದೇ ಫುಲ್ ಪ್ಲೇಟ್ ಆಯ್ತು. ಆಮೇಲೆ ಹಾಫ್ ಪ್ಲೇಟ್, ಕ್ವಾರ್ಟರ್ ಪ್ಲೇಟ್ ಬಂದವು. ನಮ್ಮ ಊರಿನ ಹಳೇ ಸ್ಟುಡಿಯೋದವರು ಇವತ್ತಿಗೂ "ಹಾಫ್ ಪ್ಲೇಟ್" ಅನ್ನೋದು ಆ ಕಾಲದ ಬಳುವಳಿ.

1851ರಲ್ಲಿ ಫ್ರೆಡ್ರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಬಳಿಯೋ ವಿಧಾನ ಪ್ರಕಟಿಸಿದ. ಬಳಿದ ಗಾಜು ಒಣಗೋದರೊಳಗೆ ಫೋಟೋ ತೆಗೆದು ತೊಳೆಯಬೇಕು. ಹೋದ ಕಡೆಯೆಲ್ಲ ಡಾರ್ಕ್ ರೂಮ್ ಡೇರೆ ಹೊರಬೇಕು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಾಟಿನ್ ಬಳಿದ ಒಣ ಪ್ಲೇಟ್‌ನ ದಾರಿ ತೋರಿಸಿದ. ಮುಂದಿನ ಹತ್ತು ವರ್ಷದಲ್ಲಿ ಅದು ಕಾರ್ಖಾನೆಯ ಸರಕಾಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಕಾಗದ, ಹಸಿ ಗಾಜು, ಒಣ ಗಾಜು: ಫೋಟೋ ಬೀಳೋ ವಸ್ತು ಮೂರು ಸಲ ಬದಲಾಯ್ತು. ಲೆನ್ಸ್ ಮತ್ತು ಬೆಲ್ಲೋಸ್‌ನ ಮೂಲ ಜೋಡಣೆ ಹಾಗೇ ಉಳೀತು. ಬದಲಾಗಬೇಕಾದ್ದು ಹಿಂದಿನ ಹೋಲ್ಡರ್ ಮಾತ್ರ. ಇದನ್ನ ವ್ಯಾಪಾರದ ಕಣ್ಣಿಂದ ಗಮನಿಸಿದವನು ಒಬ್ಬ ಬ್ಯಾಂಕ್ ಗುಮಾಸ್ತ.

3/8
ನಮ್ಮ ಬಿಕಾಂ ಜಾತಿಯವನು

ಜಾರ್ಜ್ ಈಸ್ಟ್‌ಮನ್. ಅಮೆರಿಕದ ರಾಚೆಸ್ಟರ್ ಊರಿನ ಒಂದು ಸೇವಿಂಗ್ಸ್ ಬ್ಯಾಂಕ್‌ನಲ್ಲಿ ಲೆಕ್ಕ ಬರೀತಿದ್ದ. ರಾತ್ರಿ ಅಡುಗೆಮನೆಯಲ್ಲಿ ಪ್ಲೇಟ್ ತಯಾರಿಸೋದು, ಬೆಳಗ್ಗೆ ಬ್ಯಾಂಕ್. 1881ರಲ್ಲಿ ಕೆಲಸ ಬಿಟ್ಟು ಪೂರ್ತಿ ಡ್ರೈ ಪ್ಲೇಟ್ ವ್ಯಾಪಾರಕ್ಕೆ ಇಳಿದ.

ಗಾಜು ಭಾರ, ಗಾಜು ಒಡೆಯುತ್ತೆ. ಸುರುಳಿ ಸುತ್ತಿದ ಕಾಗದದ ಮೇಲೆ ಫೋಟೋ ತೆಗೆದರೆ? ಈ ಯೋಚನೆ ಈಸ್ಟ್‌ಮನ್‌ಗೆ ಮೊದಲು ಬಂದಿದ್ದಲ್ಲ. ಲಿಯೋನ್ ವಾರ್ನರ್ಕೆ ಅನ್ನೋರು 1875ರಲ್ಲೇ ಲಂಡನ್‌ನಲ್ಲಿ ರೋಲ್ ಹೋಲ್ಡರ್ ತೋರಿಸಿದ್ರು. ಆದರೆ ಅದನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರೋಕೆ ಹೊರಟವರು ಈಸ್ಟ್‌ಮನ್ ಮತ್ತು ವಿಲಿಯಂ ವಾಕರ್. 1885ರ ಈಸ್ಟ್‌ಮನ್-ವಾಕರ್ ರೋಲ್ ಹೋಲ್ಡರ್ ಒಂದು ಮರದ ಪೆಟ್ಟಿಗೆ. ಒಳಗೆ ಎರಡು ಉರುಳೆ, ಒಂದರಿಂದ ಇನ್ನೊಂದಕ್ಕೆ ಸುತ್ತೋ ಕಾಗದದ ಫಿಲ್ಮ್. ಜನರ ಮನೆಯಲ್ಲಿ ಆಗಲೇ ಇದ್ದ ಪ್ಲೇಟ್ ಕ್ಯಾಮೆರಾದ ಹಿಂಭಾಗಕ್ಕೆ ಇದನ್ನ ಹೊಂದಿಸಬಹುದಿತ್ತು.

ಯೋಚಿಸಿ: ಫಿಲ್ಮ್ ಲೋಕದ ಅತಿ ದೊಡ್ಡ ಕಂಪನಿ ಕೊಡಾಕ್ ಕ್ಯಾಮೆರಾಗೂ ಮೊದಲೇ ಮಾರಿದ್ದು ನಿಮ್ಮ ಹಳೇ ಕ್ಯಾಮೆರಾಗೆ ಒಂದು ಹೊಸ ಬೆನ್ನು.

ವೃತ್ತಿಪರರು ಅದನ್ನ ಹೆಚ್ಚಾಗಿ ಒಪ್ಪಲಿಲ್ಲ. ಕಾಗದದ ನೆಗೆಟಿವ್‌ನಲ್ಲಿ ಕಾಗದದ ನಾರೇ ಪ್ರಿಂಟಿಗೆ ಬರ್ತಿತ್ತು, ಗಾಜಿನ ಶುದ್ಧಿ ಸಿಗ್ತಿರಲಿಲ್ಲ. ಆಗ ಈಸ್ಟ್‌ಮನ್ ಗಿರಾಕಿಯನ್ನೇ ಬದಲಾಯಿಸಿದ. ಅದೇ ರೋಲ್ ಹೋಲ್ಡರ್‌ನ ತತ್ವವನ್ನ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟು 1888ರಲ್ಲಿ ಕೊಡಾಕ್ ಅಂತ ಹೆಸರಿಟ್ಟ. 25 ಡಾಲರ್, ಒಳಗೆ 100 ಫೋಟೋಗಾಗುವಷ್ಟು ಫಿಲ್ಮ್. ಮುಗಿದ ಮೇಲೆ ಪೂರ್ತಿ ಕ್ಯಾಮೆರಾನೇ ಕಾರ್ಖಾನೆಗೆ ಕಳಿಸಬೇಕು. 10 ಡಾಲರ್ ಕೊಟ್ರೆ ಪ್ರಿಂಟ್ ಜೊತೆ ಹೊಸ ಫಿಲ್ಮ್ ತುಂಬಿ ವಾಪಸ್.

ನಮ್ಮ ಮಾರ್ಕೆಟಿಂಗ್ ಪೇಪರ್‌ಗೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಡ. 1885ರಲ್ಲಿ ತೆರೆದ ಬೆನ್ನು, 1888ರಲ್ಲಿ ಮುಚ್ಚಿದ ಪೆಟ್ಟಿಗೆ. ಮೂರೇ ವರ್ಷದಲ್ಲಿ ಒಬ್ಬನೇ ಮನುಷ್ಯ ಎರಡೂ ದಾರಿ ಹಿಡಿದ. ಮುಂದಿನ ನೂರು ಚಿಲ್ಲರೆ ವರ್ಷ ಈ ಎರಡು ದಾರಿಗಳ ಕತೆಯೇ.

4/8
ಮೂರು ಬ್ಯಾಕ್, ಒಂದು ಕ್ಯಾಮೆರಾ

ಹಳೇ ಅಮೆರಿಕನ್ ಸಿನಿಮಾಗಳಲ್ಲಿ ಪತ್ರಿಕೆಯವರು ಪಕ್ಕದಲ್ಲಿ ಬೆಳ್ಳಿ ಬಟ್ಟಲಿನಂಥ ಫ್ಲಾಶ್ ಇರೋ ದೊಡ್ಡ ಕ್ಯಾಮೆರಾ ಹಿಡ್ಕೊಂಡು ನುಗ್ಗೋದು ನೋಡಿದ್ದೀರಾ? ಸಾಮಾನ್ಯವಾಗಿ ಅದು ಸ್ಪೀಡ್ ಗ್ರಾಫಿಕ್. 1912ರಲ್ಲಿ ಶುರುವಾಗಿ, ಮಾದರಿ ಬದಲಾಗ್ತಾ 1973ರವರೆಗೆ ತಯಾರಾಯ್ತು. ಮಾಡಿದ್ದು ಗ್ರಾಫ್ಲೆಕ್ಸ್. ಈ ಕಂಪನಿ ಕೆಲವು ವರ್ಷ ಈಸ್ಟ್‌ಮನ್ ಕೊಡಾಕ್ ಕೈಯಲ್ಲೇ ಇತ್ತು, 1926ರಲ್ಲಿ ಬೇರೆಯಾಯ್ತು. ಎರಡನೇ ಮಹಾಯುದ್ಧದಲ್ಲಿ, 1945ರ ಫೆಬ್ರವರಿ 23ರಂದು ಇವೋ ಜಿಮಾ ದ್ವೀಪದಲ್ಲಿ ಸೈನಿಕರು ಬಾವುಟ ಎತ್ತೋ ಜೋ ರೊಸೆಂಥಾಲ್ ಫೋಟೋ ತೆಗೆದಿದ್ದೂ ಸ್ಪೀಡ್ ಗ್ರಾಫಿಕ್‌ನಲ್ಲೇ.

ಈ ಕಂಪನಿಯ ಕ್ಯಾಮೆರಾಗಳಲ್ಲಿ ಮೂರು ಬಗೆಯ ಬ್ಯಾಕ್ ಬಂದವು. ಹಳೇದು ಕೊಳ್ಳೋ ಆಸೆ ಇರೋರು ಇದನ್ನ ಸೇವ್ ಮಾಡ್ಕೊಳ್ಳಿ.

ಒಂದು, ಸ್ಪ್ರಿಂಗ್ ಬ್ಯಾಕ್. ಗ್ರೌಂಡ್ ಗ್ಲಾಸ್ ಸ್ಪ್ರಿಂಗ್ ಮೇಲೆ ಕೂತಿರುತ್ತೆ. ಹೋಲ್ಡರ್ ತೂರಿಸಿದ್ರೆ ಗಾಜು ಹಿಂದಕ್ಕೆ ಸರಿದು, ಸ್ಪ್ರಿಂಗ್ ಹೋಲ್ಡರನ್ನ ಒತ್ತಿ ಹಿಡಿಯುತ್ತೆ. ಸರಳ, ಬೇಗ. ಆದರೆ ದಪ್ಪ ಇರೋದು ಒಳಗೆ ಹೋಗಲ್ಲ.

ಎರಡು, ಗ್ರಾಫ್ಲೆಕ್ಸ್ ಬ್ಯಾಕ್. ಗಾಜಿನ ಭಾಗ ಪೂರ್ತಿ ಬಿಚ್ಚಿ ತೆಗೆದು, ಹೋಲ್ಡರನ್ನ ಜಾರೋ ಪಟ್ಟಿಗಳಿಂದ ಬಿಗಿಯೋದು. ಗಟ್ಟಿ ಹಿಡಿತ. ತೊಂದರೆ ಏನಂದ್ರೆ, ಇದಕ್ಕೆ ಕಂಪನಿಯದ್ದೇ ಗಾಡಿ ಕೊರೆದ ಹೋಲ್ಡರ್ ಬೇಕು. ಮಾಮೂಲಿ ಹೋಲ್ಡರ್ ಕೂರಲ್ಲ.

ಮೂರು, ಗ್ರಾಫ್ಲಾಕ್ ಬ್ಯಾಕ್. 1940ರ ದಶಕದ ಕೊನೆಯಲ್ಲಿ ಪೇಸ್‌ಮೇಕರ್ ಅನ್ನೋ ಮಾದರಿಗಳಲ್ಲಿ ಬಂತು. ಇದು ಮೊದಲೆರಡರ ಕೂಡಿಕೆ. ಮಾಮೂಲಿ ಹೋಲ್ಡರ್ ಬೇಕಾ? ಸ್ಪ್ರಿಂಗ್ ಕೆಳಗೆ ತೂರಿಸಿ. ದಪ್ಪ ಇರೋದು ಬೇಕಾ? ಗಾಜಿನ ಭಾಗವನ್ನ ತೆಗೆದಿಟ್ಟು, ಎರಡು ಲೋಹದ ಪಟ್ಟಿ ಸರಿಸಿ ಬಿಗಿಯಿರಿ.

ಅಷ್ಟರಿಂದ ಒಂದೇ ಕ್ಯಾಮೆರಾಗೆ ಎಷ್ಟೊಂದು ಬಾಗಿಲು ತೆರೀತು ನೋಡಿ. ಆರು ಹಾಳೆ ಹಿಡಿಯೋ ಗ್ರಾಫ್‌ಮ್ಯಾಟಿಕ್. 120 ರೋಲ್‌ನಲ್ಲಿ 6×9 ಅಳತೆಯ ಎಂಟು ಫೋಟೋ ಕೊಡೋ ರೋಲ್ ಬ್ಯಾಕ್. ಸ್ಪ್ರಿಂಗ್ ಬ್ಯಾಕ್ ಇದ್ದ ಪೇಸ್‌ಮೇಕರ್‌ಗಳಿಗೂ ಸ್ಕ್ರೂ ಬಿಚ್ಚಿ ಗ್ರಾಫ್ಲಾಕ್ ಹಾಕಿಸಿಕೊಂಡವರು ಬಹಳ ಜನ, ಇವತ್ತಿಗೂ ಹಾಕಿಸಿಕೊಳ್ತಾರೆ. ಬೇರೆ ಕಂಪನಿಗಳೂ ಇದೇ ವಿನ್ಯಾಸ ಹಿಡಿದವು. 4×5 ಲೋಕದಲ್ಲಿ ಇದಕ್ಕೆ ಇಂಟರ್‌ನ್ಯಾಷನಲ್ ಬ್ಯಾಕ್ ಅನ್ನೋ ಹೆಸರೂ ಬಂತು.

5/8
ಐದು ಮಿಲಿಮೀಟರ್‌ನ ಒಪ್ಪಂದ

ಇಲ್ಲಿವರೆಗೆ ಓದಿದವರಿಗೆ ಅನ್ನಿಸಬಹುದು: ಹಿಂದೆ ಏನೋ ಒಂದು ಬಿಗಿದ್ರೆ ಆಯ್ತು, ಇದರಲ್ಲೇನು ದೊಡ್ಡ ವಿಷಯ? ವಿಷಯ ಇರೋದು ಆಳದಲ್ಲಿ.

ನೀವು ಫೋಕಸ್ ಮಾಡೋದು ಗ್ರೌಂಡ್ ಗ್ಲಾಸ್ ಮೇಲೆ. ಫೋಟೋ ಬೀಳೋದು ಫಿಲ್ಮ್ ಮೇಲೆ. ಗಾಜು ತೆಗೆದು ಹೋಲ್ಡರ್ ಹಾಕಿದಾಗ, ಗಾಜಿನ ಉಜ್ಜಿದ ಮೈ ಎಲ್ಲಿತ್ತೋ ಸರಿಯಾಗಿ ಅಲ್ಲೇ ಫಿಲ್ಮ್ ಬಂದು ಕೂರಬೇಕು. ಅದಕ್ಕೇ ಉಜ್ಜಿದ ಮೈ ಯಾವಾಗಲೂ ಲೆನ್ಸ್ ಕಡೆ ಇರಬೇಕು. ಲೆನ್ಸ್ ಪೂರ್ತಿ ತೆರೆದಾಗ ಒಂದು ಮಿಲಿಮೀಟರ್ ವ್ಯತ್ಯಾಸ ಸಾಕು, ಕಣ್ಣಿಗೆ ಮಾಡಿದ ಫೋಕಸ್ ಕಿವಿಗೆ ಹೋಗಿರುತ್ತೆ.

4×5 ಹೋಲ್ಡರ್‌ನಲ್ಲಿ ಕ್ಯಾಮೆರಾಗೆ ತಾಗೋ ಮೈಯಿಂದ ಫಿಲ್ಮ್ ಒರಗೋ ತಳದವರೆಗಿನ ಆಳ 0.197 ಇಂಚು. ನಮ್ಮ ಲೆಕ್ಕದಲ್ಲಿ 5 ಮಿಲಿಮೀಟರ್. ಅಮೆರಿಕದ ಮಾನಕದಲ್ಲಿ ಇದಕ್ಕೆ ಬಿಟ್ಟ ಸಡಿಲ 0.007 ಇಂಚು ಮಾತ್ರ, ಅಂದ್ರೆ ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ.

ಈ ಒಂದು ಅಂಕಿಯ ಬೆಲೆ ಯೋಚಿಸಿ. ಹೋಲ್ಡರ್ ಮಾಡೋನು ಒಂದು ಊರಲ್ಲಿ, ಕ್ಯಾಮೆರಾ ಮಾಡೋನು ಇನ್ನೊಂದು ದೇಶದಲ್ಲಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೂ ಫೋಟೋ ಶಾರ್ಪ್ ಬರುತ್ತೆ, ಯಾಕಂದ್ರೆ ಇಬ್ಬರೂ ಆ ಐದು ಮಿಲಿಮೀಟರ್‌ಗೆ ಬದ್ಧರು. ನಾವು ಕ್ಲಾಸಲ್ಲಿ ಸ್ಟ್ಯಾಂಡರ್ಡೈಸೇಷನ್ ಅಂತ ಒಂದು ಪಾಯಿಂಟ್ ಬರೆದು ಎರಡು ಮಾರ್ಕ್ಸ್ ತಗೊಂಡು ಮರೀತೀವಲ್ಲ, ಕೈಯಲ್ಲಿ ಹಿಡಿದು ನೋಡಿದ್ರೆ ಅದು ಹೀಗಿರುತ್ತೆ.

ಹಳೇ ಕ್ಯಾಮೆರಾ ಮಾರ್ಪಾಡು ಮಾಡೋರ ಕಷ್ಟವೂ ಇದೇ. ಹೊಸ ಬ್ಯಾಕ್‌ನಲ್ಲಿ ಫಿಲ್ಮ್ ಇನ್ನೂ ಹಿಂದೆ ಕೂತ್ರೆ ಅಷ್ಟೇ ಅಳತೆಗೆ ಗ್ರೌಂಡ್ ಗ್ಲಾಸ್ ಅನ್ನೂ ಹಿಂದೆ ಸರಿಸಬೇಕು. ರೇಂಜ್‌ಫೈಂಡರ್ ಇರೋ ಕ್ಯಾಮೆರಾ ಆದ್ರೆ ಅದನ್ನೂ ಹೊಸದಾಗಿ ಹೊಂದಿಸಬೇಕು. ಬೆಳಕು ನುಸುಳದಂತೆ ಮುಚ್ಚೋದು ಆಮೇಲಿನ ಮಾತು. ಚೌಕಟ್ಟು ಕತ್ತರಿಸೋದು ಈ ಕೆಲಸದ ಸುಲಭದ ಭಾಗ.

6/8
ಪೋಲರಾಯ್ಡ್‌ನ ಎರಡು ಮುಖ

ಎಡ್ವಿನ್ ಲ್ಯಾಂಡ್ 1947ರ ಫೆಬ್ರವರಿಯಲ್ಲಿ ತೆಗೆದ ಕೂಡಲೇ ಕೈಗೆ ಬರೋ ಫೋಟೋ ತೋರಿಸಿದ. 1948ರ ಕೊನೆಗೆ ಬಾಸ್ಟನ್ ಅಂಗಡಿಯಲ್ಲಿ ಪೋಲರಾಯ್ಡ್ ಕ್ಯಾಮೆರಾ ಮಾರಾಟ ಶುರು. ಕಂಪನಿ ಎರಡೂ ದಾರಿ ಹಿಡೀತು.

ತೆರೆದ ದಾರಿ: 1958ರಲ್ಲಿ 4×5 ಕ್ಯಾಮೆರಾಗಳಿಗೆ ಇನ್‌ಸ್ಟಂಟ್ ಫಿಲ್ಮ್ ಹೋಲ್ಡರ್ ಬಂತು. ಮುಂದೆ ಬಂದ 545 ಹೋಲ್ಡರನ್ನ ಮಾಮೂಲಿ ಸ್ಪ್ರಿಂಗ್ ಬ್ಯಾಕ್‌ಗೇ ತೂರಿಸಬಹುದಿತ್ತು. ಕ್ಯಾಮೆರಾಗೆ ಏನೂ ಮಾಡೋದು ಬೇಡ. ಸ್ಟುಡಿಯೋದವರು ಬೆಲೆಬಾಳೋ ಫಿಲ್ಮ್ ಖರ್ಚು ಮಾಡೋ ಮೊದಲು ಒಂದು ಪೋಲರಾಯ್ಡ್ ತೆಗೆದು ಲೈಟಿಂಗ್ ನೋಡ್ಕೊಳ್ತಿದ್ರು. 1961ರ ಟೈಪ್ 55 ಫಿಲ್ಮಂತೂ ಪ್ರಿಂಟ್ ಜೊತೆ ಒಳ್ಳೇ ನೆಗೆಟಿವ್ ಕೂಡ ಕೊಡ್ತಿತ್ತು. ಆನ್ಸೆಲ್ ಆಡಮ್ಸ್ 1968ರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯನ್ನ ಚಳಿಗಾಲದ ಬೆಳಗ್ಗೆ ತೆಗೆದ ಫೋಟೋ ಇದರಲ್ಲೇ.

ಮುಚ್ಚಿದ ದಾರಿ: 110ಎ ಮತ್ತು 1960ರ 110ಬಿ. ಮಡಚೋ ಕ್ಯಾಮೆರಾ, ರೇಂಜ್‌ಫೈಂಡರ್, 127 ಎಂಎಂ ಲೆನ್ಸ್. 110ಬಿಯಲ್ಲಿ ಜರ್ಮನಿಯ ರೋಡೆನ್‌ಸ್ಟಾಕ್ ಲೆನ್ಸ್. ಆದರೆ ಒಳಗೆ ಹೋಗೋದು ಪೋಲರಾಯ್ಡ್‌ನ ಸ್ವಂತ ಇನ್‌ಸ್ಟಂಟ್ ರೋಲ್ ಮಾತ್ರ. 1992ರಲ್ಲಿ ಆ ರೋಲ್ ತಯಾರಿ ನಿಂತುಹೋಯ್ತು. ಒಂದು ಸ್ಕ್ರೂ ಕೂಡ ಸಡಿಲವಾಗದ ಕ್ಯಾಮೆರಾಗಳು ರಾತ್ರೋರಾತ್ರಿ ಷೋಕೇಸ್ ಬೊಂಬೆಗಳಾದವು.

ಆಗ ಹವ್ಯಾಸಿಗಳು ಗರಗಸ ತೆಗೆದ್ರು. ರೋಲ್ ಕೂರೋ ಎರಡೂ ತುದಿ ಕತ್ತರಿಸಿ, ಅಲ್ಲಿ ಪ್ಯಾಕ್ ಫಿಲ್ಮ್‌ನ ಬ್ಯಾಕ್ ಕೂರಿಸಿದ್ರು. ಮತ್ತೆ ಜೀವ ಬಂತು. ಆದರೆ 2008ರ ಫೆಬ್ರವರಿಯಲ್ಲಿ ಪೋಲರಾಯ್ಡ್ ಇನ್‌ಸ್ಟಂಟ್ ಫಿಲ್ಮ್ ತಯಾರಿ ನಿಲ್ಲಿಸ್ತೀವಿ ಅಂತ ಘೋಷಿಸಿತು. ಅದೇ ಬ್ಯಾಕ್‌ಗೆ ಹೊಂದುತ್ತಿದ್ದ ಫ್ಯೂಜಿಯ ಎಫ್‌ಪಿ-100ಸಿ ಕೂಡ 2016ರಲ್ಲಿ ನಿಂತಿತು. ಒಂದೇ ಕ್ಯಾಮೆರಾ ಎರಡನೇ ಸಲ ಸತ್ತ ಹಾಗೆ.

ಉಳಿದದ್ದು ಯಾವುದು ಗೊತ್ತಾ? ಅದೇ 110ಬಿಗೆ ಪ್ಯಾಕ್ ಬದಲು 4×5 ಬ್ಯಾಕ್ ಕೂರಿಸಿಕೊಂಡವರ ಕ್ಯಾಮೆರಾಗಳು. 4×5 ಹಾಳೆ ಫಿಲ್ಮ್ ಒಂದೇ ಕಂಪನಿಯ ಸ್ವತ್ತಲ್ಲ. ಒಬ್ಬರು ನಿಲ್ಲಿಸಿದ್ರೆ ಇನ್ನೊಬ್ಬರು ಮಾರ್ತಾರೆ.

7/8
ನಮ್ಮ ಮನೆಯ ಹಾಫ್ ಪ್ಲೇಟ್

ಇಷ್ಟೆಲ್ಲ ಓದೋಕೆ ಕಾರಣ ನಮ್ಮ ದೊಡ್ಡಪ್ಪನ ಸ್ಟುಡಿಯೋದ ಅಟ್ಟದಲ್ಲಿದ್ದ ಮರದ ಹಾಫ್ ಪ್ಲೇಟ್ ಕ್ಯಾಮೆರಾ. ದಕ್ಷಿಣ ಭಾರತದ ಸ್ಟುಡಿಯೋಗಳಲ್ಲಿ ಇಂಥವು ಸಾಮಾನ್ಯವಾಗಿದ್ದವು. ಕೇರಳದ ಆಲಪ್ಪುಳದ ವಾಗೀಶ್ವರಿ ಕ್ಯಾಮೆರಾ ಹೆಸರು ಹಳೇ ಫೋಟೋಗ್ರಾಫರ್‌ಗಳನ್ನ ಕೇಳಿ, ಕಣ್ಣು ಅರಳುತ್ತೆ. ನಮ್ಮದರಲ್ಲಿ ಹೆಸರಿನ ತಗಡು ಬಿದ್ದುಹೋಗಿದೆ.

ಹಾಫ್ ಪ್ಲೇಟ್ ಅಳತೆ 4¾×6½ ಇಂಚು. ಆ ಅಳತೆಯ ಪ್ಲೇಟ್ ಈಗ ಅಂಗಡಿಯಲ್ಲಿ ಕೇಳಿದ್ರೆ ನಗ್ತಾರೆ. ಮನೆ ಅಲಂಕಾರ ಮಾಡೋರೊಬ್ಬರು ಬಂದು ನೋಡಿ, ಒಳಗೆ ಬಲ್ಬ್ ಹಾಕಿ ದೀಪ ಮಾಡೋಕೆ ಚೆನ್ನಾಗಿದೆ ಅಂತ ರೇಟ್ ಹೇಳಿ ಹೋದ್ರು. ದೊಡ್ಡಪ್ಪ ಕೊಡೋಕೆ ಹೆಚ್ಚು ಕಡಿಮೆ ಒಪ್ಪಿದ್ರು. "ಫಿಲ್ಮೇ ಇಲ್ಲದ್ದು ಕ್ಯಾಮೆರಾ ಏನೋ? ಪೆಟ್ಟಿಗೆ ಅದು" ಅಂದ್ರು.

ನಾನು ಒಂದು ತಿಂಗಳು ಟೈಮ್ ಕೇಳಿದೆ. ಬಡಗಿಯಣ್ಣ ಹಿಂದಿನ ಚೌಕಟ್ಟನ್ನ ಕೊಯ್ದು 4×5 ಹೋಲ್ಡರ್‌ಗೆ ಅಗಲ ಮಾಡೋಣ ಅಂದ್ರು, ಅರ್ಧ ದಿನದ ಕೆಲಸ. ದೊಡ್ಡಪ್ಪ ತಕ್ಷಣ, "ಮರಕ್ಕೆ ಗರಗಸ ತಾಗಬಾರದು" ಅಂದ್ರು. ಮಾರೋಕೆ ಒಪ್ಪಿದ್ದ ಮನುಷ್ಯ ಕೊಯ್ಯೋಕೆ ಒಪ್ಪಲಿಲ್ಲ! ಹಾಗಾಗಿ ಬೇರೆ ದಾರಿ: ಹಳೇ ಬ್ಯಾಕ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು, ಅದು ಕೂರ್ತಿದ್ದ ಜಾಗಕ್ಕೆ ಸರಿಯಾಗಿ ಪ್ಲೈವುಡ್‌ನ ಹೊಸ ಹಲಗೆ, ಅದರ ಮೇಲೆ ಸೆಕೆಂಡ್ ಹ್ಯಾಂಡ್ 4×5 ಸ್ಪ್ರಿಂಗ್ ಬ್ಯಾಕ್. ಇದಕ್ಕೆ ರೆಡ್ಯೂಸಿಂಗ್ ಬ್ಯಾಕ್ ಅಂತಾರೆ. ದೊಡ್ಡ ಕ್ಯಾಮೆರಾದಲ್ಲಿ ಚಿಕ್ಕ ಫಿಲ್ಮ್ ಬಳಸೋ ಹಳೇ ಉಪಾಯ. ಗೆಳೆಯನ ವರ್ನಿಯರ್ ಕ್ಯಾಲಿಪರ್ ತಂದು ಹೋಲ್ಡರ್‌ನ ಆಳ ಮತ್ತು ಗಾಜಿನ ಆಳ ಎರಡನ್ನೂ ನಾಲ್ಕು ಮೂಲೆಯಲ್ಲಿ ಅಳೆದೆವು. ಗಾಜಿನ ಕೆಳಗೆ ಕಾಗದದ ಪಟ್ಟಿ ಇಟ್ಟು ಸಮ ಮಾಡಿದೆವು.

ಶೀಟ್ ಫಿಲ್ಮ್ ದುಬಾರಿ. ಅದಕ್ಕೆ ಪ್ರಿಂಟಿಂಗ್ ಪೇಪರನ್ನೇ ಕೆಂಪು ಬಲ್ಬಿನಲ್ಲಿ 4×5ಕ್ಕೆ ಕತ್ತರಿಸಿ ಹೋಲ್ಡರ್‌ಗೆ ತುಂಬಿದೆವು. ನೆರಳಲ್ಲಿ ಎರಡು ಮೂರು ಸೆಕೆಂಡ್, ಲೆನ್ಸ್ ಮುಚ್ಚಳವೇ ಶಟರ್. ಹಂಪಿಯ ಗ್ರೀನ್‌ಲಾ ಬಳಸಿದ್ದೂ ಕಾಗದದ ನೆಗೆಟಿವ್ ತಾನೇ! ಟ್ರೇಯಲ್ಲಿ ದೊಡ್ಡಮ್ಮನ ಮುಖ ಕಪ್ಪು ಬಿಳುಪು ಅದಲುಬದಲಾಗಿ ಮೇಲೆ ಬಂತು. ಸೀರೆ ಅಂಚಿನ ಎಳೆ ಎಣಿಸಬಹುದು. ದೊಡ್ಡಪ್ಪ ನೋಡಿ ಏನೂ ಹೇಳಲಿಲ್ಲ, ಫೋನ್ ತಗೊಂಡು ದೀಪದವರಿಗೆ ಬೇಡ ಅಂತ ಹೇಳಿದ್ರು.

8/8
ಹಾಗಾದ್ರೆ ಲೆಕ್ಕ ಏನು?

ಮೊದಲ ಪೋಸ್ಟಿನ ಪ್ರಶ್ನೆಗೆ ಬರೋಣ. 2020ರಲ್ಲಿ ಲೋಮೋಗ್ರಫಿ ಕಂಪನಿ ಲೋಮೋಗ್ರಾಫ್ಲಾಕ್ ಅನ್ನೋ ಬ್ಯಾಕ್ ತಂತು. ಫ್ಯೂಜಿಯ ಇನ್‌ಸ್ಟ್ಯಾಕ್ಸ್ ವೈಡ್ ಫಿಲ್ಮನ್ನ ಇದು ಗ್ರಾಫ್ಲಾಕ್ ಬ್ಯಾಕ್ ಇರೋ ಯಾವ 4×5 ಕ್ಯಾಮೆರಾಗೂ ಹಾಕೋಕೆ ಬಿಡುತ್ತೆ. ಇದರಲ್ಲಿ ಫಿಲ್ಮ್ ಮಾಮೂಲಿಗಿಂತ ಹಿಂದೆ ಕೂರುತ್ತೆ. ಅದಕ್ಕೆ ಜೊತೆಯಲ್ಲಿ ಒಂದು ಚೌಕಟ್ಟು ಕೊಡ್ತಾರೆ. ಫೋಕಸ್ ಮಾಡುವಾಗ ಅದನ್ನಿಟ್ಟು ಗ್ರೌಂಡ್ ಗ್ಲಾಸನ್ನ ಅಷ್ಟೇ ಹಿಂದೆ ಸರಿಸಬೇಕು. ಐದು ಮಿಲಿಮೀಟರ್‌ನ ಪಾಠ ನೆನಪಿದೆಯಲ್ಲ? ಅದಕ್ಕೂ ಮೊದಲು, 1990ರ ದಶಕದಲ್ಲೇ, 4×5 ಹೋಲ್ಡರ್‌ನ ಜಾಗದಲ್ಲಿ ಕೂರೋ ಡಿಜಿಟಲ್ ಸ್ಕ್ಯಾನಿಂಗ್ ಬ್ಯಾಕ್‌ಗಳೂ ಬಂದಿದ್ದವು. ಒಂದು ಫೋಟೋಗೆ ನಿಮಿಷಗಟ್ಟಲೆ ಬೇಕಿತ್ತು, ಅದಕ್ಕೇ ಪೇಂಟಿಂಗ್‌ನಂಥ ಅಲುಗಾಡದ ವಸ್ತುಗಳಿಗೆ ಸರಿ.

ಗ್ರಾಫ್ಲೆಕ್ಸ್ ಕಾರ್ಖಾನೆ 1973ರಲ್ಲೇ ಬಾಗಿಲು ಹಾಕ್ತು. ಮಾಡಿದವರು ಹೋದರೂ ಅವರು ಒಪ್ಪಿಸಿದ ಅಳತೆ ಉಳೀತು, ಅದರಿಂದ ಅವರ ಕ್ಯಾಮೆರಾಗಳೂ ಉಳಿದವು. ಪೋಲರಾಯ್ಡ್ 110ಬಿಯ ಲೆನ್ಸ್ ಕೆಟ್ಟಿದ್ದಲ್ಲ. ಅದರ ಬೆನ್ನಿನ ಬೀಗದ ಕೈ ಒಂದೇ ಕಂಪನಿಯ ಹತ್ತಿರ ಇತ್ತು.

ನಾವು ಅಕೌಂಟ್ಸ್‌ನಲ್ಲಿ ಡಿಪ್ರಿಸಿಯೇಷನ್ ಹಾಕುವಾಗ ಒಂದು ವಸ್ತುವಿನ ಆಯಸ್ಸನ್ನ ವರ್ಷಗಳಲ್ಲಿ ಬರೀತೀವಿ. ಸವಕಳಿ ಅಷ್ಟೇ ಅಲ್ಲ, ಹಳತಾಗಿ ಬಳಕೆಗೆ ಬಾರದೆ ಹೋಗೋದೂ ಒಂದು ಕಾರಣ ಅಂತ ಮೇಷ್ಟ್ರು ಹೇಳ್ತಾರೆ. ಆ ಎರಡನೇ ಕಾರಣ ಎಷ್ಟೋ ಸಲ ವಸ್ತುವಿನ ತಪ್ಪಲ್ಲ, ವಿನ್ಯಾಸ ಮಾಡಿದವರ ತೀರ್ಮಾನ. ನಿಮ್ಮ ಪ್ರಿಂಟರ್‌ನ ಇಂಕ್ ಕಾರ್ಟ್ರಿಜ್, ಬ್ಯಾಟರಿ ಬಿಚ್ಚೋಕಾಗದ ಫೋನ್, ಇವೆಲ್ಲ ನೋಡುವಾಗ ಈ ಎರಡು ಕ್ಯಾಮೆರಾ ನೆನಪಿರಲಿ. ಕೊಳ್ಳುವಾಗ ಒಂದೇ ಪ್ರಶ್ನೆ ಸೇರಿಸ್ಕೊಳ್ಳಿ: ಈ ಕಂಪನಿ ನಾಳೆ ಇಲ್ಲ ಅಂದ್ರೆ, ಇದು ನಡೆಯುತ್ತಾ?

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಊರಲ್ಲಿ ಹಳೇ ಸ್ಟುಡಿಯೋ ಮುಚ್ಚುತ್ತಿದ್ದರೆ, ಗುಜರಿಗೆ ಹೋಗೋ ಮೊದಲು ಒಮ್ಮೆ ಹೋಗಿ ನೋಡಿ. ಮರದ ಕ್ಯಾಮೆರಾ ಸಿಕ್ಕರೆ ಅದರ ಜೊತೆಯ ಪ್ಲೇಟ್ ಹೋಲ್ಡರ್‌ಗಳನ್ನೂ ಹುಡುಕಿ ತನ್ನಿ. ಜನ ಕ್ಯಾಮೆರಾ ಇಟ್ಕೊಂಡು ಹೋಲ್ಡರ್ ಎಸೀತಾರೆ, ಆಮೇಲೆ ಅಳತೆ ಗೊತ್ತಾಗಲ್ಲ. ಬೆಲ್ಲೋಸ್‌ನಲ್ಲಿ ತೂತು ಇದೆಯಾ ಅಂತ ಕತ್ತಲಲ್ಲಿ ಒಳಗೆ ಟಾರ್ಚ್ ಹಾಕಿ ನೋಡಿ. ಗ್ರೌಂಡ್ ಗ್ಲಾಸ್ ಒಡೆದಿದ್ರೆ ಚಿಂತೆ ಬೇಡ, ಹೊಸದು ಮಾಡಿಸಬಹುದು. ಕೊಯ್ಯೋಕೆ ಮಾತ್ರ ಹೋಗ್ಬೇಡಿ, ಹೊಸ ಬ್ಯಾಕನ್ನ ಬೇರೆ ಹಲಗೆಯಲ್ಲಿ ಮಾಡಿಸಿ. ಮುಂದೆ ಇನ್ನೊಬ್ಬರು ಬಂದು ಅವರ ಕಾಲದ ಬ್ಯಾಕ್ ಹಾಕ್ಕೊಳ್ಳೋಕೆ ಜಾಗ ಇರಲಿ.

ಸರಣಿ ಮುಗೀತು. ಮನೆಯಲ್ಲಿ ಹಳೇ ಕ್ಯಾಮೆರಾ ಇರೋ ಗೆಳೆಯರಿಗೆ ಕಳಿಸಿ, ಬೆನ್ನಿನ ಫೋಟೋ ತೆಗೆದು ನನಗೆ ಟ್ಯಾಗ್ ಮಾಡೋಕೆ ಹೇಳಿ.

#ಕನ್ನಡದಲ್ಲಿಇತಿಹಾಸ #ಹಳೇಕ್ಯಾಮೆರಾ #ಲಾರ್ಜ್‌ಫಾರ್ಮ್ಯಾಟ್ #ಫಿಲ್ಮ್‌ಫೋಟೋಗ್ರಫಿ